‘ತಪ್ಪಾಗಿ’ ಅನ್ನೋ ಪದ

ಕನ್ನಡ ಶಾಲೆಯ ಪತ್ರಿಕೆ ಅಲ್ವಾ, ಒಂದು ಪದದಿಂದಲೇ ಶುರು ಮಾಡ್ತೀನಿ. ಚಿಕ್ಕ ತರಗತಿಯ ಮಕ್ಕಳಿಗೂ ಗೊತ್ತಿರೋ ಪದ: ‘ತಪ್ಪಾಗಿ’.

2001ರ ಸೆಪ್ಟೆಂಬರ್ 11ರ ದಾಳಿ ನಡೆದು ನಾಲ್ಕು ದಿನಕ್ಕೆ ಅರಿಜೋನಾದ ಮೇಸಾ ಊರಿನಲ್ಲಿ ಬಲ್ಬೀರ್ ಸಿಂಗ್ ಸೋಧಿ ಅನ್ನುವವರನ್ನು ಅವರದೇ ಗ್ಯಾಸ್ ಸ್ಟೇಷನ್ ಮುಂದೆ ಒಬ್ಬ ಗುಂಡು ಹಾರಿಸಿ ಕೊಂದ. ಅವರು ಸಿಖ್ಖರು, ಪೇಟ ಕಟ್ಟುತ್ತಿದ್ದರು. 2017ರ ಫೆಬ್ರವರಿಯಲ್ಲಿ ಕಾನ್ಸಾಸ್‌ನ ಒಲೇಥಾದಲ್ಲಿ ಶ್ರೀನಿವಾಸ್ ಕೂಚಿಭೋಟ್ಲ ಅವರಿಗೂ ಹೀಗೇ ಆಯಿತು. ಹೈದರಾಬಾದಿನವರು, ನಮ್ಮಲ್ಲಿ ಎಷ್ಟೋ ಜನರ ಹಾಗೆ ಎಂಜಿನಿಯರ್. ಕೊಂದವನು ಅವರನ್ನು ಇರಾನಿನವರು ಅಂದುಕೊಂಡಿದ್ದ. ಆಗೆಲ್ಲ ನಮ್ಮ ಮನೆಗಳಲ್ಲಿ ಕೇಳಿಬಂದಿದ್ದು ಒಂದೇ ಮಾತು: “ಪಾಪ, ಮುಸ್ಲಿಂ ಅಂತ ತಪ್ಪಾಗಿ ತಿಳ್ಕೊಂಡು ಕೊಂದುಬಿಟ್ಟ.”

ಈ ವಾಕ್ಯವನ್ನ ಇನ್ನೊಂದು ಸಲ ಓದಿ. ದುಃಖದಲ್ಲಿ ಬಂದ ಮಾತು, ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಒಪ್ಪಿದೆ. ಆದರೆ ವಾಕ್ಯದ ಪ್ರಕಾರ ಆಗಿರೋ ತಪ್ಪು ಯಾವುದು? ಆಳು ಬದಲಾಗಿದ್ದು! ಹಾಗಾದ್ರೆ ಅವನು ಹುಡುಕುತ್ತಿದ್ದ ‘ಸರಿಯಾದ’ ಆಳೇ ಸಿಕ್ಕಿದ್ದರೆ?

ಅದೂ ಆಗಿದೆ. ದೂರ ಹೋಗಬೇಕಿಲ್ಲ, ನಮ್ಮ ನಾರ್ತ್ ಕ್ಯಾರೊಲೈನಾದಲ್ಲೇ. 2015ರ ಫೆಬ್ರವರಿ 10ರಂದು ಚಾಪೆಲ್ ಹಿಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ದಿಯಾ ಬರಕಾತ್, ಅವರ ಹೆಂಡತಿ ಯುಸುರ್, ಯುಸುರ್ ತಂಗಿ ರಜಾನ್, ಮೂವರನ್ನೂ ನೆರೆಯವನೇ ಕೊಂದ. ವಯಸ್ಸು 23, 21, 19. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ದಿಯಾ ಹಲ್ಲಿನ ಡಾಕ್ಟರ್ ಆಗಲು ಓದುತ್ತಿದ್ದ ಹುಡುಗ. ಸಿರಿಯಾದಿಂದ ಓಡಿಬಂದ ನಿರಾಶ್ರಿತರಿಗೆ ಹಲ್ಲಿನ ಚಿಕಿತ್ಸೆ ಕೊಡಿಸಲು ಹಣ ಕೂಡಿಸುತ್ತಿದ್ದ. ಅಕ್ಕ ತಂಗಿ ಇಬ್ಬರೂ ತಲೆಗೆ ಸ್ಕಾರ್ಫ್ ಕಟ್ಟುತ್ತಿದ್ದರು. ಇದು ದ್ವೇಷ ಅಂತ ಮನೆಯವರು ಮೊದಲ ದಿನದಿಂದ ಹೇಳಿದರು. ಪೊಲೀಸರು ಹೇಳಿದ್ದು ಪಾರ್ಕಿಂಗ್ ಜಗಳ ಅಂತ. 2019ರಲ್ಲಿ ಅವನು ತಪ್ಪೊಪ್ಪಿಕೊಂಡು ಮೂರು ಜೀವಾವಧಿ ಶಿಕ್ಷೆ ಆದ ಮೇಲೆ, ಇದು ಬರೀ ಪಾರ್ಕಿಂಗ್ ವಿಷಯ ಆಗಿರಲಿಲ್ಲ, ನಾವು ಇದನ್ನು ಆಗಲೇ ಹೇಳಬೇಕಿತ್ತು ಅಂತ ಊರಿನ ಪೊಲೀಸ್ ಮುಖ್ಯಸ್ಥರೇ ಒಪ್ಪಿಕೊಂಡರು. ನಾಲ್ಕು ವರ್ಷ ಬೇಕಾಯಿತು.

ಇಲ್ಲಿ ನಾವು ಕಡಿಮೆ ಜನ, ಹಾಗಾಗಿ ಇದೆಲ್ಲ ನಮಗೆ ಬೇಗ ಅರ್ಥ ಆಗತ್ತೆ. ಬೆಂಗಳೂರಲ್ಲಿ ವಿಮಾನ ಇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಹೆಚ್ಚು ಜನರ ಕಡೆಗೆ ಸೇರಿಬಿಡ್ತೀವಿ. ಆಗ ಅರ್ಥ ಆಗೋದು ನಿಧಾನ.

ಹೋದ ವರ್ಷದ ಅಂದರೆ 2025ರ ದಸರಾ ನೋಡಿ. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ನಾವೆಲ್ಲ ಹೆಮ್ಮೆಯಿಂದ ಅದನ್ನ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಕೆಲವೇ ತಿಂಗಳಿಗೆ ಸರ್ಕಾರ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಮುಸ್ಲಿಂ ಹೆಂಗಸು ಹೇಗೆ ಉದ್ಘಾಟಿಸೋದು ಅಂತ ಶುರುವಾಯಿತು. ಕನ್ನಡ ಭುವನೇಶ್ವರಿಯ ಬಗ್ಗೆ ಅವರು ಹಿಂದೆ ಆಡಿದ ಮಾತನ್ನು ಕೆಲವರು ತೆಗೆದರು; ಆ ಮಾತನ್ನು ಒಪ್ಪದೆ ವಾದ ಮಾಡಬಹುದು, ಅದು ಬೇರೆ. ಆದರೆ ಧರ್ಮದ ಕಾರಣಕ್ಕೇ ಬೇಡ ಅಂದವರು ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. ಎರಡೂ ಕಡೆ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉದ್ಘಾಟಿಸಿದರು. 2017ರಲ್ಲಿ ಇದೇ ದಸರಾ ಉದ್ಘಾಟಿಸಿದವರು ಕೆ. ಎಸ್. ನಿಸಾರ್ ಅಹಮದ್. ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳು ಹಾಡ್ತಾರಲ್ಲ ‘ನಿತ್ಯೋತ್ಸವ’, ಅದನ್ನು ಬರೆದವರು.

ಹಾಗಂತ ಬೂಕರ್ ಬಂದವರು, ದೊಡ್ಡ ಕವಿಗಳು, ಹೀಗೆ ‘ಒಳ್ಳೆ ಮುಸ್ಲಿಮರ’ ಪಟ್ಟಿ ಕೊಡೋದು ನನಗಿಷ್ಟ ಇಲ್ಲ. ಮರ್ಯಾದೆ ಸಿಗೋಕೆ ನಮ್ಮನ್ನ ಯಾರೂ ಬಹುಮಾನ ತೋರಿಸು ಅನ್ನಲ್ಲ.

“ಹಾಗಾದ್ರೆ ಭಯೋತ್ಪಾದನೆ ಬಗ್ಗೆ ಮಾತೇ ಆಡಬಾರದಾ?” ಅಂತ ಕೇಳೋ ಪೋಷಕರು ಇರ್ತಾರೆ. ಆಡಿ. ಮಾಡಿದವರ ಹೆಸರು ಹಿಡಿದೇ ಆಡಿ. ಬಾನು ಮುಷ್ತಾಕ್ ಅವರೂ ತಮ್ಮ ಸಮುದಾಯದ ಗಂಡಸರ ದರ್ಪವನ್ನೇ ಕಥೆಯಾಗಿ ಬರೆದವರು. ಹೆಂಗಸರೂ ಮಸೀದಿಗೆ ಹೋಗಬಹುದು ಅಂದಿದ್ದಕ್ಕೆ 2000ದಲ್ಲಿ ಮೂರು ತಿಂಗಳು ಬಹಿಷ್ಕಾರ ಅನುಭವಿಸಿದವರು. ಟೀಕೆಗೂ ಅನುಮಾನಕ್ಕೂ ವ್ಯತ್ಯಾಸ ಇದೆ. ಟೀಕೆ ಒಬ್ಬರು ಮಾಡಿದ ಕೆಲಸ ನೋಡತ್ತೆ, ಅನುಮಾನಕ್ಕೆ ಹೆಸರೊಂದಿದ್ರೆ ಸಾಕು. 2017ರಲ್ಲಿ ಕೆನಡಾದ ಕ್ವಿಬೆಕ್‌ನ ಮಸೀದಿಯಲ್ಲಿ 6 ಜನ, 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 51 ಜನ ಸತ್ತಿದ್ದು ಪ್ರಾರ್ಥನೆಗೆ ಬಂದಿದ್ದಕ್ಕೆ, ಅಷ್ಟೇ.

ಮಕ್ಕಳೇ, ವಾಷಿಂಗ್ಟನ್ನಿಗೆ ಹೋದಾಗ ಲೈಬ್ರರಿ ಆಫ್ ಕಾಂಗ್ರೆಸ್ ನೋಡಿ. ಥಾಮಸ್ ಜೆಫರ್ಸನ್ 1765ರಲ್ಲಿ ಕೊಂಡ ಕುರಾನಿನ ಪ್ರತಿ ಅಲ್ಲಿನ ಸಂಗ್ರಹದಲ್ಲಿದೆ. ಕಾಂಗ್ರೆಸ್‌ಗೆ ಆರಿಸಿಬಂದ ಮೊದಲ ಮುಸ್ಲಿಂ, ಕೀತ್ ಎಲಿಸನ್, 2007ರಲ್ಲಿ ಪ್ರಮಾಣಕ್ಕೆ ಅದನ್ನೇ ಬಳಸಿದರು. ಕುರಾನ್ ಬಳಸ್ತಾರೆ ಅಂತ ಗೊತ್ತಾದಾಗ ಗಲಾಟೆ ಎಬ್ಬಿಸಿದವರಲ್ಲಿ ಜೆಫರ್ಸನ್‌ನ ವರ್ಜೀನಿಯಾದ ಕಾಂಗ್ರೆಸ್ ಸದಸ್ಯರೂ ಒಬ್ಬರು!

ಕೊನೆಗೆ ಸ್ಕೂಲ್ ಬಸ್ಸಿನ ವಿಷಯ. “ಆರ್ ಯೂ ಮುಸ್ಲಿಂ?” ಅಂತ ಯಾರಾದ್ರೂ ಕಿಚಾಯಿಸಿದರೆ, “ಅಲ್ಲ ಅಂತ ಹೇಳು, ಸುಮ್ಮನಾಗ್ತಾರೆ” ಅಂತ ಎಷ್ಟೋ ಮನೆಗಳಲ್ಲಿ ಹೇಳಿಕೊಡ್ತೀವಿ. ಸುಮ್ಮನಾಗ್ತಾರೆ, ನಿಜ. ಆಮೇಲೆ ಹಿಂದಿನ ಸೀಟಿನ ಆಯೆಷಾ ಹತ್ರ ಹೋಗ್ತಾರೆ. ಅದಕ್ಕೆ “ಆಗಿದ್ರೆ ಏನೀಗ?” ಅಂತ ತಿರುಗಿ ಕೇಳೋದನ್ನ ಹೇಳಿಕೊಡೋಣ ಅಂತ ನನ್ನ ಅಭಿಪ್ರಾಯ. ಒಪ್ಪದ ಪೋಷಕರು ಭಾನುವಾರ ತರಗತಿ ನಡೆಯುವಾಗ ಹಾಲ್‌ನಲ್ಲಿ ಸಿಗಿ, ಮಾತಾಡೋಣ. ಕಾಫಿ ಫ್ಲಾಸ್ಕ್ ನಾನೇ ತರ್ತೀನಿ.