ರುಜು ಹಾಕುವ ಕೈ

ಚುನಾವಣಾಧಿಕಾರಿಗಳನ್ನು ಹೊಗಳುವುದೇಕೆ, ಅವರದು ಬರಿಯ ಗುಮಾಸ್ತೆ ಕೆಲಸವಲ್ಲವೆ ಎಂದು ಮಿತ್ರರೊಬ್ಬರು ಮೂಗು ಮುರಿದರು. ಪ್ರಜಾಪ್ರಭುತ್ವವನ್ನು ಕಾಯುವವರು ದೊಡ್ಡ ಮುಂದಾಳುಗಳಂತೆ! ಈ ಮಾತನ್ನು ನಾನು ಒಪ್ಪಲಾರೆ.

ಅಮೆರಿಕದ 2020ರ ಚುನಾವಣೆಯನ್ನೇ ನೋಡಿ. ಜಾರ್ಜಿಯಾ ಸಂಸ್ಥಾನದಲ್ಲಿ ಟ್ರಂಪ್ ಸೋತದ್ದು 11,779 ಮತಗಳಿಂದ. ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದಲೇ ಮತ್ತೆ ಎಣಿಸಿದ್ದೂ ಆಗಿತ್ತು. ಆದರೂ 2021ರ ಜನವರಿ 2ರಂದು, ಆಗಿನ್ನೂ ಅಧ್ಯಕ್ಷ ಪದವಿಯಲ್ಲಿದ್ದ ಅವರು, ಚುನಾವಣೆಯ ಹೊಣೆ ಹೊತ್ತಿದ್ದ ಸಂಸ್ಥಾನದ ಕಾರ್ಯದರ್ಶಿ ಬ್ರಾಡ್ ರಾಫೆನ್ಸ್‌ಪರ್ಗರರೊಡನೆ ದೂರವಾಣಿಯಲ್ಲಿ ಮಾತನಾಡಿ, ತಮಗೆ 11,780 ಮತಗಳನ್ನು ಹುಡುಕಬೇಕಾಗಿದೆ ಎಂದರು. ಅಂತರಕ್ಕಿಂತ ಒಂದೇ ಒಂದು ಹೆಚ್ಚು! ಕಾರ್ಯದರ್ಶಿಯೂ ಅದೇ ಪಕ್ಷದವರು. ಲೆಕ್ಕ ಮಾತ್ರ ಬದಲಾಗಲಿಲ್ಲ.

ಮಿಷಿಗನ್ನಿನಲ್ಲಿ ಅಂತರ ಸುಮಾರು 1,54,000. ಫಲಿತಾಂಶವನ್ನು ದೃಢೀಕರಿಸುವ ಮಂಡಲಿಯಲ್ಲಿ ಪಕ್ಷಕ್ಕೆ ಇಬ್ಬರಂತೆ ನಾಲ್ವರು. ಇಬ್ಬರು ರಿಪಬ್ಲಿಕನ್ನರಲ್ಲಿ ಒಬ್ಬರು ಮತ ಹಾಕದೆ ಉಳಿದರು. ಇನ್ನೊಬ್ಬರಾದ ಏರನ್ ವ್ಯಾನ್ ಲ್ಯಾಂಗೆವೆಲ್ಡ್ ಕಾನೂನಿನಂತೆ ಸಮ್ಮತಿ ಕೊಟ್ಟರು. ಪಕ್ಷ ಅವರನ್ನು ಆ ಸ್ಥಾನಕ್ಕೆ ಮತ್ತೆ ಸೂಚಿಸಲಿಲ್ಲ. ಗುಮಾಸ್ತೆ ಕೆಲಸಕ್ಕೆ ಇಷ್ಟು ಬೆಲೆ ತೆರಬೇಕೆ, ಸ್ವಾಮಿ?

ನಮ್ಮಲ್ಲಿ ಹಾಗಾಗದು, ಸಂವಿಧಾನದ 324ನೆಯ ವಿಧಿ ಚುನಾವಣೆಯನ್ನು ಪಕ್ಷಗಳ ಕೈಗೆ ಕೊಡದೆ ಆಯೋಗಕ್ಕೆ ಒಪ್ಪಿಸಿದೆ ಎಂದು ಮಿತ್ರರು ಸಮಾಧಾನ ಹೇಳಿದರು. ನಿಜ; ಅದು ನಮ್ಮ ಹಿರಿಯರ ವಿವೇಕ. ಆದರೆ ವಿಧಿ ತಾನಾಗಿ ರುಜು ಹಾಕುವುದಿಲ್ಲ. ರುಜು ಹಾಕುವುದು ಮನುಷ್ಯನ ಕೈ. ನಮ್ಮವರು ಗೆದ್ದಾಗ ಆ ಕೈಯನ್ನು ಕುಲುಕಿ, ಸೋತಾಗ ಕಡಿಯಹೊರಟರೆ ಯಾವ ವಿಧಿ ತಾನೆ ನಮ್ಮನ್ನು ಕಾದೀತು?