ತಮಟೆ ಬೇಕು, ಬಾಯಿ ಬೇಡವೆ?

ಕಳೆದ ವರ್ಷ ನಮ್ಮ ಕಡೆಯ ಒಂದು ಉತ್ಸವದ ಮೆರವಣಿಗೆಗೆ ನಮ್ಮ ಕೇರಿಯ ಎಂಟು ಮಂದಿಯನ್ನು ಕರೆದಿದ್ದರು. ಬೆಳಿಗ್ಗೆ ಏಳಕ್ಕೆಲ್ಲ ಬಂದುಬಿಡಿ ಅಂದಿದ್ದರು. ಅತಿಥಿಗಳ ಕಾರು ಬಂದದ್ದು ಹನ್ನೊಂದೂವರೆಗೆ. ಅಷ್ಟು ಹೊತ್ತೂ ಅಪ್ಪ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದ. ಚರ್ಮ ಬಿಗಿಯಾಯಿತೇ ಎಂದು ಬೆರಳಲ್ಲಿ ಮೀಟಿ ಕಿವಿಗಿಟ್ಟು ಕೇಳುತ್ತಿದ್ದ. ಸಡಿಲವಾದರೆ ಮತ್ತೆ ಹುಲ್ಲು, ಮತ್ತೆ ಬೆಂಕಿ. ಮೆರವಣಿಗೆ ಮುಗಿದು ದೊಡ್ಡವರು ವೇದಿಕೆ ಹತ್ತಿದ ಮೇಲೆ ನಾನು ಹೋಗಿ, 'ನಮ್ಮದೊಂದು ಹಾಡಿದೆ, ಐದು ನಿಮಿಷ ಕೊಡಿ ಸಾರ್' ಎಂದೆ. ಎಂಥ ಹಾಡು ಎಂದು ಕೇಳಿದರು. ಊರ ಬಾವಿಯ ಹತ್ತಿರ ಬಿಂದಿಗೆ ಹಿಡಿದು, ಯಾರಾದರೂ ನೀರು ಸೇದಿ ಹುಯ್ಯುತ್ತಾರೇನೋ ಎಂದು ಮಧ್ಯಾಹ್ನದವರೆಗೆ ಕಾಯುತ್ತಿದ್ದ ನಮ್ಮಜ್ಜಿಯ ಹಾಡು ಎಂದೆ. 'ಅದೆಲ್ಲ ಈಗ್ಯಾಕೆ? ಒಳ್ಳೆ ಕಾರ್ಯಕ್ರಮ ನಡೀತಾ ಇದೆ. ತಮಟೆ ಚೆನ್ನಾಗಿ ಬಡಿದ್ರಿ, ಊಟ ಮಾಡ್ಕೊಂಡು ಹೋಗಿ' ಅಂದರು.

ನಾವು ಊಟ ಮಾಡದೆ ಬಂದೆವು.

ಈ ನಾಡಿಗೆ ನಮ್ಮ ಸದ್ದು ಬೇಕು. ಆ ಸದ್ದು ಎಲ್ಲಿಂದ ಬಂತು ಎಂಬ ಮಾತು ಮಾತ್ರ ಬೇಡ. ನಾನು ಹೇಳುತ್ತೇನೆ, ಕೇಳಿ. ಊರಲ್ಲಿ ದನ ಸತ್ತರೆ ಎಳೆದು ಹಾಕಿದವರು ನಾವು. ಅದರ ಚರ್ಮ ಸುಲಿದು ಹದ ಮಾಡಿ, ಹುಣಸೆ ಬೀಜ ಅರೆದ ಅಂಟು ಬಳಿದು ಬಳೆಗೆ ಬಿಗಿದವರು ನಾವು. ಹೆಣ ಎದ್ದರೆ ತಮಟೆ, ಮಾರಿಹಬ್ಬಕ್ಕೆ ತಮಟೆ, ಡಂಗುರಕ್ಕೆ ತಮಟೆ. ನಮ್ಮ ತಾತ ಮೂರು ರಾತ್ರಿ ಬಡಿದರೆ ಸಿಗುತ್ತಿದ್ದದ್ದು ಒಂದು ಸೇರು ರಾಗಿ, ಅದೂ ಕೈಗೆ ಕೈ ತಾಗದ ಹಾಗೆ ಮೇಲಿಂದ ಸುರಿದದ್ದು. ಬರೋದಿಲ್ಲ ಎನ್ನುವ ಹಕ್ಕು ಅವನಿಗಿರಲಿಲ್ಲ. ಬಿಟ್ಟಿ ಚಾಕರಿ ಎಂದರೆ ಅದೇ.

ಅದಕ್ಕೇ ತಮಟೆ ಬಿಸಾಕಿ ಎಂದವರು ನಮ್ಮೊಳಗೇ ಇದ್ದಾರೆ. ನಮ್ಮ ಚಿಕ್ಕಪ್ಪ ತನ್ನ ತಮಟೆಯನ್ನು ನೀರೊಲೆಗೆ ತುರುಕಿ ಬೆಂಗಳೂರಿನ ಬಸ್ಸು ಹತ್ತಿದ. ಅವನು ತಪ್ಪು ಮಾಡಿದ ಎಂದು ನಾನು ಯಾವತ್ತೂ ಹೇಳಲಾರೆ. ಕರಾವಳಿಯ ಕೊರಗರ ಡೋಲಿನ ಕತೆ ತಿಳಿದವರು ಯಾರೂ ಹೇಳಲಾರರು. ಕೂಲಿ ಕೊಡದೆ ಡೋಲು ಬಡಿಸುತ್ತಿದ್ದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಕಂಬಳದಲ್ಲಿ ಕೋಣಗಳ ಮುಂದೆ ಓಡಿಸುತ್ತಿದ್ದರು. ಅದಕ್ಕೆ ಅಜಲು ಎಂದು ಹೆಸರು. ಅದು ಅಪರಾಧ ಎಂದು ಕರ್ನಾಟಕದಲ್ಲಿ ಕಾಯ್ದೆಯಾಗಲು 2000ನೇ ಇಸವಿ ಬರಬೇಕಾಯಿತು. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದಿತ್ತು!

ಅಪ್ಪ ಮಾತ್ರ ತಮಟೆ ಬಿಡಲಿಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ರಾಜ್ಯ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. 1975ರಲ್ಲಿ ಕವಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದಲಿತ ಸಂಘರ್ಷ ಸಮಿತಿಯ ಹುಡುಗರು ಆ ಹಾಡುಗಳನ್ನು ಕೇರಿ ಕೇರಿಗೆ ಹೊತ್ತು ತಂದಾಗ ಪುಸ್ತಕ ಓದಲು ಬಾರದ ಅಪ್ಪ ಒಂದೇ ರಾತ್ರಿಯಲ್ಲಿ ಕಲಿತ. ಹೆಣದ ಮುಂದೆ ಬಡಿದ ಅದೇ ತಮಟೆಯನ್ನು ಕೂಲಿ ಕೇಳುವ ಜಾಥಾದ ಮುಂದೆ ಬಡಿದ. ಗೌಡರು ಬಾ ಎನ್ನಲಿಲ್ಲ, ಅವನಾಗಿಯೇ ಹೋಗಿದ್ದ. ಅವತ್ತು ತಮಟೆ ನನ್ನದಾಯ್ತು ಕಣಪ್ಪಾ ಎಂದು ಇವತ್ತಿಗೂ ಹೇಳುತ್ತಾನೆ.

ನಮ್ಮ ಕತೆಯನ್ನು ಬೇರೆಯವರು ಹೇಳಲಿಲ್ಲವೆಂದಲ್ಲ. ಶಿವರಾಮ ಕಾರಂತರು 1933ರಲ್ಲೇ 'ಚೋಮನ ದುಡಿ' ಬರೆದರು. ಅದರ ಸಿನಿಮಾಕ್ಕೆ ಸ್ವರ್ಣಕಮಲವೂ ಬಂತು. ಕಾರಂತರ ಸಂಕಟ ಸುಳ್ಳಲ್ಲ. ಓದಿ ನಾನೂ ಅತ್ತಿದ್ದೇನೆ. ಆದರೆ ಚೋಮ ದುಡಿ ಬಡಿಯುತ್ತ ಬಡಿಯುತ್ತಲೇ ಸಾಯುತ್ತಾನೆ. ನಮ್ಮ ಕೇರಿಯಲ್ಲಿ ಬಡಿದವರು ಸತ್ತದ್ದಷ್ಟೇ ಅಲ್ಲ. ಹಾಡು ಕಟ್ಟಿದರು, ಗೌಡನ ನಡಿಗೆಯನ್ನು ನಟಿಸಿ ತೋರಿಸಿ ಹೊಟ್ಟೆ ಹಿಡಿದು ನಕ್ಕರು, ಮಕ್ಕಳನ್ನು ಸ್ಕೂಲಿಗೆ ಕಳಿಸಿದರು. ಅದನ್ನು ಹೇಳಲು ಒಳಗಿನವರೇ ಬೇಕಿತ್ತು.

ಒಳಗಿನವರು ಹೇಳಿದಾಗ ಏನಾಯಿತು? ಜೋಗತಿ ಕುಣಿತದ ಮಂಜಮ್ಮ ಜೋಗತಿಯವರನ್ನೇ ನೋಡಿ. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅವರು ತಮ್ಮ ಬದುಕನ್ನು ಹೇಳಿಕೊಂಡ 'ನಡುವೆ ಸುಳಿವ ಹೆಣ್ಣು' ಎಂಬ ಪುಸ್ತಕವಿದೆ. ವಿಡಿಯೊ ಕಳಿಸಿದವರಲ್ಲಿ ಎಷ್ಟು ಮಂದಿ ಅದನ್ನು ತೆರೆದರು? ಮನೆ ಬಿಟ್ಟದ್ದು, ಸೀರೆಯುಟ್ಟು ಭಿಕ್ಷೆ ಬೇಡಿದ್ದು, ಕಾಳವ್ವ ಜೋಗತಿಯ ಬಳಿ ಕುಣಿತ ಕಲಿತದ್ದು ನಮಗೆ ಬೇಡ. ನಿಮಿಷದ ಚಂದ ಸಾಕು. 2023ರಲ್ಲಿ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಎಂದಾಗ ನಮ್ಮ ಕೇರಿಯಲ್ಲಿ ರಾತ್ರಿಯಿಡೀ ತಮಟೆ ನಿಲ್ಲಲಿಲ್ಲ. ಆದರೆ ಆಮೇಲೆ ಸಂಭಾವನೆ ಹೆಚ್ಚಿಸಿ ಎಂದು ಕೇಳಿದಲ್ಲೆಲ್ಲ ಒಂದೇ ಉತ್ತರ: 'ನಿಮ್ಮ ತಮಟೆಗೆ ಪದ್ಮಶ್ರೀನೇ ಕೊಟ್ಟಿದಾರಲ್ಲ, ಇನ್ನೇನು?'

ಹಿರಿಯರ ಎದೆಯ ಮೇಲೆ ಹೊಳೆಯುವ ಪದಕ ನಮ್ಮ ಹೆಮ್ಮೆ. ಅದನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸಬೇಡಿ. ನಮಗೆ ಬೇಕಾದದ್ದು ಮೈಕು, ಸಮಯ, ಮರ್ಯಾದೆಯ ಕೂಲಿ, ಯಾವ ಹಾಡು ಎಂದು ನಾವೇ ತೀರ್ಮಾನಿಸುವ ಹಕ್ಕು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು 'ಆದಿಮ' ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿ 'ಹುಣ್ಣಿಮೆ ಹಾಡು' ನಡೆಸಿದ್ದು ಸುಮ್ಮನೆ ಅಲ್ಲ. ಬೆಳದಿಂಗಳಲ್ಲಿ ಕೂತು ನಮ್ಮ ಹಾಡು, ನಮ್ಮ ನಾಟಕ ನೋಡಲು ನಮಗೊಂದು ನೆಲ ಬೇಕಿತ್ತು.

ಮೊನ್ನೆ ಅದೇ ಉತ್ಸವದವರಿಂದ ಫೋನು ಬಂತು. ಈ ಸಲವೂ ಎಂಟು ಜನ, ಬೆಳಿಗ್ಗೆ ಏಳು ಗಂಟೆ. ಅಪ್ಪ ನನ್ನ ಕೈಯಿಂದ ಫೋನು ಇಸಕೊಂಡ. 'ಬತ್ತೀವಿ ಸ್ವಾಮಿ. ಮೊದಲು ನಮ್ಮವ್ವನ ಬಾವಿ ಹಾಡು, ವೇದಿಕೆ ಮೇಲೆ, ಮೈಕಿನಲ್ಲಿ. ಆಮೇಲೆ ಮೆರವಣಿಗೆ' ಎಂದ. ಕೇಳಿ ಹೇಳ್ತೀವಿ ಎಂದು ಆ ಕಡೆಯವರು ಇಟ್ಟುಬಿಟ್ಟರು. ಹನ್ನೆರಡು ದಿನವಾಯಿತು. ಅಪ್ಪ ದಿನಾ ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಆ ಹಾಡಿಗೆ ಪೆಟ್ಟು ಕಲಿಸುತ್ತಿದ್ದಾನೆ.