ಬೀಗ ಹಾಕದವರು ಯಜಮಾನರು, ದಂಡ ಕೆಲಸದವಳಿಗೆ

ಮಂಗಳೂರಿನ ಒಂದು ಸಣ್ಣ ಕಂಪೆನಿ. ಅಲ್ಲಿನ ಲೆಕ್ಕ ಬರೆಯುವವಳು ನಮ್ಮ ಉಪ್ಪಳ ಕಡೆಯವಳು, ಮನೆಯಿಂದಲೇ ಕೆಲಸ. ಮಾಲು ಕೊಡುವವರ ಹೆಸರಿನಲ್ಲಿ ಅವಳಿಗೆ ಒಂದು ಇಮೇಲ್ ಬಂತು: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ." ಬಿಲ್ ನಂಬರ್, ಮೊತ್ತ ಎಲ್ಲ ಸರಿಯಾಗಿಯೇ ಇತ್ತು. ಹಾಕಿದಳು. ಎರಡು ಲಕ್ಷಕ್ಕೂ ಹೆಚ್ಚು ಹಣ ಕಳ್ಳರ ಪಾಲಾಯಿತು. ಈಗ ಪ್ರತಿ ತಿಂಗಳು ಅವಳ ಸಂಬಳದಲ್ಲಿ ಕಡಿತ.

"ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಜವಾಬ್ದಾರಿ ಇಲ್ಲ" ಎನ್ನುತ್ತಾರೆ ಯಜಮಾನರು. ಆದರೆ ಆ ಬಿಲ್ ನಂಬರ್ ಕಳ್ಳನಿಗೆ ಹೇಗೆ ಸಿಕ್ಕಿತು? ಅದನ್ನು ಅವರು ಕೇಳಲೇ ಇಲ್ಲ.

ನಾನೂ ಅಲ್ಲಿಗೆ ಮನೆಯಿಂದ ಮೆಷಿನ್ ಡ್ರಾಯಿಂಗ್ ಮಾಡಿಕೊಟ್ಟವನು. ಐದು ಜನಕ್ಕೆ ಒಂದೇ ಇಮೇಲ್, ಒಂದೇ ಪಾಸ್‌ವರ್ಡ್, ಅದೂ ವಾಟ್ಸಾಪ್ ಗ್ರೂಪಿನಲ್ಲಿ. ಕೆಲಸ ಬಿಟ್ಟು ಎಂಟು ತಿಂಗಳಾದ ಮೇಲೂ ಅದು ನನ್ನ ಫೋನಿನಲ್ಲಿ ತೆರೆಯುತ್ತಿತ್ತು. ನಾನೇ ಫೋನ್ ಮಾಡಿ ಹೇಳಿದೆ. "ಆಯ್ತು, ನೋಡುವ" ಎಂದರು. ನೋಡಲಿಲ್ಲ.

ನಮ್ಮ ಉಪ್ಪನದ್ದು ಜೀನಸಿನ ಅಂಗಡಿ. ಕೆಲಸದ ಹುಡುಗ ಬಿಟ್ಟು ಹೋದ ದಿನವೇ ಶಟರಿನ ಬೀಗ ಬದಲಾಗುತ್ತಿತ್ತು. "ಅವನು ಕಳ್ಳ ಅಂತ ಅಲ್ಲ, ನಾಳೆ ಏನಾದರೂ ಹೋದರೆ ಅವನ ಮೇಲೆ ಸುಳ್ಳು ಅಪವಾದ ಬರಬಾರದು" ಎನ್ನುತ್ತಿದ್ದರು. ಏಳನೇ ಕ್ಲಾಸ್ ಓದಿದ ಉಪ್ಪನಿಗೆ ಗೊತ್ತಿದ್ದದ್ದು ಎಂಬಿಎ ಮಾಡಿದವರಿಗೆ ಗೊತ್ತಿಲ್ಲವೇ?

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೊನಿಯಲ್ ಪೈಪ್‌ಲೈನ್ ಹಲವು ದಿನ ನಿಂತುಹೋಯಿತು. ಹ್ಯಾಕರ್‌ಗಳು ನುಗ್ಗಿದ್ದು ಬಳಕೆಯಲ್ಲೇ ಇಲ್ಲದ ಒಂದು ವಿಪಿಎನ್ ಖಾತೆಯಿಂದ. ದೂರದಿಂದ ಕೆಲಸ ಮಾಡಲು ಕೊಟ್ಟಿದ್ದ ಆ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ, ಒಟಿಪಿಯಂಥ ಎರಡನೇ ಬೀಗವೂ ಇರಲಿಲ್ಲ. ಕಂಪೆನಿ ಕೊಟ್ಟ ಹಣ ಸುಮಾರು 44 ಲಕ್ಷ ಡಾಲರ್. ಅದರ ಹಿಂದಿನ ವರ್ಷ ಟ್ವಿಟರಿನಲ್ಲಿ, ಮನೆಯಿಂದ ಕೆಲಸ ಮಾಡುತ್ತಿದ್ದ ಸಿಬ್ಬಂದಿಗೆ ಕಂಪೆನಿಯ ಐಟಿಯವರಂತೆ ಫೋನ್ ಮಾಡಿಯೇ ಪಾಸ್‌ವರ್ಡ್ ಕದ್ದರು.

"ನಮ್ಮದು ಸಣ್ಣ ವ್ಯಾಪಾರ, ಅಷ್ಟೆಲ್ಲ ಖರ್ಚು ಮಾಡಲಿಕ್ಕೆ ಆಗುತ್ತದಾ?" ಎಂದು ಕೇಳುವವರಿದ್ದಾರೆ. ಏನು ಖರ್ಚು? ಜಿಮೇಲಿನಲ್ಲಿ ಎರಡು ಹಂತದ ಪರಿಶೀಲನೆ ಪುಕ್ಕಟೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡುವುದು, ಬಿಟ್ಟು ಹೋದವರ ಖಾತೆ ಅದೇ ದಿನ ಮುಚ್ಚುವುದು ಐದು ನಿಮಿಷದ ಕೆಲಸ. ಬ್ಯಾಂಕ್ ಖಾತೆ ಬದಲಾಗಿದೆ ಎಂದು ಯಾರೇ ಬರೆಯಲಿ, ಮೊದಲಿಂದ ನಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ ಕೇಳದೆ ಹಣ ಹಾಕಬಾರದು ಎಂಬ ನಿಯಮಕ್ಕೆ ಒಂದು ಪೈಸೆಯೂ ಬೇಡ. ಲ್ಯಾಪ್‌ಟಾಪ್‌ಗೆ ಮಾತ್ರ ದುಡ್ಡು ಬೇಕು. ಕೊಡಿ. ಆಫೀಸಿನ ಬಾಡಿಗೆ, ಕರೆಂಟು ಉಳಿಸಿದವರು ನೀವು. ಮಕ್ಕಳು ಗೇಮ್ ಆಡುವ ಕಂಪ್ಯೂಟರಿನಲ್ಲಿ ಕಂಪೆನಿಯ ಲೆಕ್ಕ ಬರೆಸಿ, ಆಮೇಲೆ ಸುರಕ್ಷತೆಯ ಪಾಠ ಹೇಳಬೇಡಿ.

ಇನ್ನೊಂದು. ಹಣ ಹೋದದ್ದು ಗೊತ್ತಾದ ಕೂಡಲೇ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಬೇಕು. ಬೇಗ ಹೇಳಿದರೆ ಹಣ ತಡೆಹಿಡಿಯುವ ಅವಕಾಶ ಇರುತ್ತದೆ. ಈ ಯಜಮಾನರು ಆ ದಿನವನ್ನೆಲ್ಲ ಅವಳನ್ನು ಬೈಯುವುದರಲ್ಲೇ ಕಳೆದರು.

ಅವಳು ಒಂದು ಫೋನ್ ಮಾಡಿ ವಿಚಾರಿಸಬೇಕಿತ್ತು, ಒಪ್ಪುತ್ತೇನೆ. ಆದರೆ ಹಾಗೆ ಮಾಡಬೇಕೆಂದು ಅವಳಿಗೆ ಹೇಳಿದವರು ಯಾರು?

ಕಡಿದ ಸಂಬಳ ಅವಳಿಗೆ ವಾಪಸು ಕೊಡಿ. ಆಮೇಲೆ ಆ ಪಾಸ್‌ವರ್ಡ್ ಬದಲಿಸಿ. ಈಗಲೂ ಅದು ಹಳೆಯದೇ ಇದ್ದರೆ ನನಗೆ ಆಶ್ಚರ್ಯವಿಲ್ಲ.